‘ಗ್ಲಿಟರ್’ ನಿಜಕ್ಕೂ ಅಷ್ಟು ಕೆಟ್ಟದಾಗಿತ್ತಾ? ಮರಾಯಾ ಕ್ಯಾರಿಯ ಸೋತ ಆಲ್ಬಮ್‌ನ ಒಂದು ಪ್ರಕರಣ ಅಧ್ಯಯನ

2001ರ ಸೆಪ್ಟೆಂಬರ್ 11, ಮಂಗಳವಾರ. ಆಗೆಲ್ಲ ಅಮೆರಿಕದಲ್ಲಿ ಹೊಸ ಆಲ್ಬಮ್‌ಗಳು ಅಂಗಡಿಗೆ ಬರುತ್ತಿದ್ದದ್ದೇ ಮಂಗಳವಾರ. ಜೇ-ಝೀಯ ಹೊಸ ಸಿ.ಡಿ. ಅವತ್ತು ಬಂತು. ಬಾಬ್ ಡಿಲನ್ ಅವರದ್ದೂ ಅವತ್ತೇ ಬಂತು. ಅಮೆರಿಕದ ಪಾಪ್ ಗಾಯಕಿ ಮರಾಯಾ ಕ್ಯಾರಿಯ ‘ಗ್ಲಿಟರ್’ ಕೂಡ ಅದೇ ದಿನ. ಅಂಗಡಿಗಳು ಬಾಗಿಲು ತೆಗೆಯುವ ಹೊತ್ತಿಗೆ ನ್ಯೂಯಾರ್ಕ್‌ನ ಅವಳಿ ಗೋಪುರಗಳಿಗೆ ವಿಮಾನಗಳು ನುಗ್ಗಿದ್ದವು. ಆಮೇಲೆ ಹಾಡಿನ ಸುದ್ದಿ ಯಾರಿಗೆ ಬೇಕು?

ಮೊದಲ ವಾರ ‘ಗ್ಲಿಟರ್’ ಸುಮಾರು 1,16,000 ಪ್ರತಿ ಮಾರಾಟವಾಯಿತು. ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಆಲ್ಬಮ್ ಪಟ್ಟಿಯಲ್ಲಿ 7ನೇ ಸ್ಥಾನ. ಹೊಸ ಗಾಯಕಿಯೊಬ್ಬಳಿಗೆ ಇಷ್ಟು ಸಿಕ್ಕರೆ ಮನೆಯಲ್ಲಿ ಹಬ್ಬ. ಆದರೆ ಇದು ಮರಾಯಾ ಕ್ಯಾರಿ. ಅವರ ಹಿಂದಿನ ಆಲ್ಬಮ್ ‘ರೇನ್‌ಬೋ’ 1999ರಲ್ಲಿ ಮೊದಲ ವಾರವೇ 3,23,000 ಪ್ರತಿ ಖರ್ಚಾಗಿತ್ತು. ಅದರ ಪಕ್ಕ ಇಟ್ಟರೆ ಇದು ಮೂರರಲ್ಲೊಂದು ಪಾಲು. ಹತ್ತು ದಿನ ಬಿಟ್ಟು ಅದೇ ಹೆಸರಿನ ಸಿನಿಮಾ ಬಂತು, ಬಂದ ಹಾಗೇ ಮಕಾಡೆ ಮಲಗಿತು. ನಾಲ್ಕು ತಿಂಗಳಲ್ಲಿ ರೆಕಾರ್ಡ್ ಕಂಪನಿ ಕೈತುಂಬ ದುಡ್ಡು ಕೊಟ್ಟು ‘ಸಾಕು, ಹೋಗಿಬನ್ನಿ’ ಅಂದಿತು. ಅಲ್ಲಿಂದ ಮುಂದೆ ಬಹಳ ವರ್ಷ ‘ಗ್ಲಿಟರ್’ ಅಂದರೆ ಒಂದು ಜೋಕ್.

ಈ ಸೋಲಿನ ಬಗ್ಗೆ ಎರಡು ಕಥೆ ಓಡಾಡುತ್ತವೆ. ಒಂದು: ಆಲ್ಬಮ್ಮೇ ಕಸ, ಅದಕ್ಕೇ ಸೋತಿತು. ಇನ್ನೊಂದು ಅಭಿಮಾನಿಗಳದ್ದು: ಆಲ್ಬಮ್ ಚಿನ್ನ, 9/11 ದುರಂತದಲ್ಲಿ ಮುಳುಗಿಹೋಯಿತು. ನನಗೆ ಎರಡೂ ಅರ್ಧ ಸತ್ಯ ಅನ್ನಿಸುತ್ತವೆ. ಆಲ್ಬಮ್‌ನಲ್ಲಿ ನಿಜವಾದ ಒಂದು ದೋಷ ಇದೆ. ಆದರೆ 2001ರಲ್ಲಿ ಜನ ಬೈದದ್ದು ಆ ದೋಷಕ್ಕಲ್ಲ.

ಬೀಳುವ ಮೊದಲು ಇದ್ದ ಎತ್ತರ

1990ರಲ್ಲಿ ಮೊದಲ ಆಲ್ಬಮ್ ಬಂದಾಗಿನಿಂದ 1999ರ ತನಕ ಒಂದೇ ಒಂದು ವರ್ಷ ಕೂಡ ಕ್ಯಾರಿಯ ಹಾಡು ಬಿಲ್‌ಬೋರ್ಡ್‌ನ ನಂಬರ್ ಒನ್ ಸ್ಥಾನ ತಪ್ಪಿಸಿಕೊಂಡಿರಲಿಲ್ಲ. 2000ದ ಹೊತ್ತಿಗೆ ನಂಬರ್ ಒನ್ ಹಾಡುಗಳ ಲೆಕ್ಕ 15ಕ್ಕೆ ಮುಟ್ಟಿತ್ತು. ಅದರಲ್ಲೊಂದು 16 ವಾರ ಮೊದಲ ಸ್ಥಾನದಿಂದ ಅಲ್ಲಾಡಲಿಲ್ಲ.

ಆ ಹಾಡುಗಳೆಲ್ಲ ಬಂದದ್ದು ಸೋನಿ ಒಡೆತನದ ಕೊಲಂಬಿಯಾದಿಂದ. ಸೋನಿ ಮ್ಯೂಸಿಕ್‌ನ ಮುಖ್ಯಸ್ಥ ಟಾಮಿ ಮೊಟೊಲಾ. ಕ್ಯಾರಿ 1993ರಲ್ಲಿ ಮದುವೆಯಾದದ್ದು ಅವರನ್ನೇ, 1998ರಲ್ಲಿ ವಿಚ್ಛೇದನ ಪಡೆದದ್ದೂ ಅವರಿಂದಲೇ. ಗಂಡನ ಮನೆ ಬಿಟ್ಟರೂ ಗಂಡನ ಕಂಪನಿಯಲ್ಲೇ ಕೆಲಸ ಮುಂದುವರಿಸಬೇಕಾದ ಸ್ಥಿತಿ. ಯಾರಿಗೆ ತಾನೇ ಸಾಕೆನಿಸೋದಿಲ್ಲ? 2001ರಲ್ಲಿ ಆಚೆ ಬಂದು ಇ.ಎಂ.ಐ. ಬಳಗದ ವರ್ಜಿನ್ ರೆಕಾರ್ಡ್ಸ್ ಸೇರಿದರು. ಒಪ್ಪಂದದ ಮೊತ್ತ ಸುಮಾರು 8 ಕೋಟಿ ಡಾಲರ್ ಎಂದು ಪತ್ರಿಕೆಗಳು ಬರೆದವು. ಆ ಕಾಲಕ್ಕೆ ಅದು ಬಾಯಿ ಮೇಲೆ ಬೆರಳಿಡುವಂಥ ದುಡ್ಡು.

ಇಷ್ಟು ದುಡ್ಡು ಸುರಿದ ಕಂಪನಿಯ ಕೈಗೆ ಮೊದಲು ಬಂದದ್ದು ಏನು? ಕ್ಯಾರಿಯ ಮಾಮೂಲಿ ಆಲ್ಬಮ್ ಅಲ್ಲ. ಅವರು ನಾಯಕಿಯಾಗಿ ನಟಿಸಿದ ಸಿನಿಮಾದ ಹಾಡುಗಳು. ಅದೂ 1980ರ ದಶಕದ ಶುರುವಿನ ನ್ಯೂಯಾರ್ಕ್ ಕ್ಲಬ್‌ಗಳ ಸದ್ದಿನಲ್ಲಿ. ಕಂಪನಿಯವರಿಗೆ ಬೇಕಾಗಿದ್ದದ್ದು ರೇಡಿಯೊದಲ್ಲಿ ಮರುದಿನವೇ ಬಡಿಯುವ ಹಾಡು. ಕ್ಯಾರಿಗೆ ಬೇಕಾಗಿದ್ದದ್ದು ತಾನು ಬೆಳೆಯುವಾಗ ಕೇಳಿದ ಹಾಡಿನ ಲೋಕ. ಈ ಎರಡರ ಜಗ್ಗಾಟ ಆಲ್ಬಮ್‌ನ ಒಂದೊಂದು ಹಾಡಿನಲ್ಲೂ ಕೇಳಿಸುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕೈತಪ್ಪಿದ ತುಣುಕು

ಮೊದಲು ಬಿಟ್ಟ ಹಾಡು ‘ಲವರ್‌ಬಾಯ್’. ಇದರ ಹಿಂದೆ ಒಂದು ಪತ್ತೇದಾರಿ ಕಥೆಯೇ ಇದೆ. ಮೊದಲು ಈ ಹಾಡು ನಿಂತಿದ್ದದ್ದು ‘ಫೈರ್‌ಕ್ರ್ಯಾಕರ್’ ಎಂಬ ವಾದ್ಯಸಂಗೀತದ ತುಣುಕಿನ ಮೇಲೆ. ಜಪಾನಿನ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ 1978ರಲ್ಲಿ ಸಿಂಥಸೈಜರ್‌ಗಳಲ್ಲಿ ನುಡಿಸಿದ್ದು ಅದು. ಟಿಂಗ್ ಟಿಂಗ್ ಎಂದು ಕುಣಿಯುವ, ವಿಡಿಯೊ ಗೇಮ್‌ನಂತೆ ಪುಟಿಯುವ ರಾಗ. ಸಿನಿಮಾದ ಕಾಲಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಆದರೆ ಅದೇ ತುಣುಕು 2001ರ ಜನವರಿಯಲ್ಲಿ ಬಂದ ಜೆನ್ನಿಫರ್ ಲೋಪೆಜ್ ಆಲ್ಬಮ್‌ನ ‘ಐಯಾಮ್ ರಿಯಲ್’ನಲ್ಲಿ ಕಾಣಿಸಿಕೊಂಡಿತು. ಲೋಪೆಜ್ ಯಾವ ಕಂಪನಿ? ಸೋನಿ. ತಾನು ಆರಿಸಿಕೊಂಡಿದ್ದನ್ನು ಹಳೆಯ ಕಂಪನಿ ಬೇಕಂತಲೇ ಇನ್ನೊಬ್ಬರಿಗೆ ಕೊಟ್ಟಿತು ಎನ್ನುವುದು ಕ್ಯಾರಿಯ ಆರೋಪ. 2020ರ ಆತ್ಮಕಥೆಯಲ್ಲೂ ಅದನ್ನು ಬರೆದುಕೊಂಡಿದ್ದಾರೆ. ಏನೇ ಇರಲಿ, ಒಂದೇ ತುಣುಕಿನ ಎರಡು ಹಾಡು ಒಂದೇ ವರ್ಷ ಓಡುವುದಿಲ್ಲ. ಕ್ಯಾರಿ ‘ಫೈರ್‌ಕ್ರ್ಯಾಕರ್’ ಬಿಟ್ಟು ಕ್ಯಾಮಿಯೊ ತಂಡದ ‘ಕ್ಯಾಂಡಿ’ ಹಾಡಿನ ಬೇಸ್ (ಕೆಳಗೆ ದಪ್ಪಗೆ ನಡೆಯುವ ವಾದ್ಯದ ಸಾಲು) ಎತ್ತಿಕೊಂಡರು. ‘ಕ್ಯಾಂಡಿ’ ಬಂದದ್ದು 1986ರಲ್ಲಿ. ಸಿನಿಮಾ ಕಥೆ ನಡೆಯುವ ಕಾಲಕ್ಕಿಂತ ಈಚಿನದು. ಚಿಕ್ಕ ವಿಷಯವೇ, ಆದರೆ ಕಾಲವೇ ಕಥೆಯಾಗಿರುವ ಸಿನಿಮಾದ ಮೊದಲ ಹಾಡೇ ಕಾಲ ತಪ್ಪಿತು.

ಹಾಡು ರೇಡಿಯೊದಲ್ಲಿ ಹತ್ತಲಿಲ್ಲ. 60ನೇ ಸ್ಥಾನದಲ್ಲಿ ತೆವಳುತ್ತಿತ್ತು. ಆಗ ಕಂಪನಿ ಸಿಂಗಲ್‌ನ (ಆ ಹಾಡಿಗೆಂದೇ ಬಿಡಿಯಾಗಿ ಮಾರುವ ಸಿ.ಡಿ.) ಬೆಲೆಯನ್ನು 49 ಸೆಂಟ್‌ಗೆ ಇಳಿಸಿತು. ಒಂದೇ ನೆಗೆತಕ್ಕೆ 2ನೇ ಸ್ಥಾನ! ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಕೂಡ ಇದೇ. ಆದರೂ ಪತ್ರಿಕೆಗಳ ತಲೆಬರಹ ಏನು ಗೊತ್ತಾ? ‘ಕ್ಯಾರಿಗೆ ನಂಬರ್ ಒನ್ ತಪ್ಪಿತು’ ಎನ್ನುವ ಧಾಟಿ. ಯಾವಾಗಲೂ ಮೊದಲ ರ್‍ಯಾಂಕ್ ತೆಗೆಯುವ ಹುಡುಗಿ ಎರಡನೆಯವಳಾದರೆ ಊರೆಲ್ಲ ವಿಚಾರಿಸುತ್ತದಲ್ಲ, ಹಾಗೆ.

ಐಸ್‌ಕ್ರೀಂ ಗಾಡಿ

ಜುಲೈ 19ರಂದು ಕ್ಯಾರಿ ಹಾಡುಗಳ ಟಿ.ವಿ. ಚಾನೆಲ್ ಎಂಟಿವಿಯ ‘ಟಿ.ಆರ್.ಎಲ್.’ ಕಾರ್ಯಕ್ರಮಕ್ಕೆ ಐಸ್‌ಕ್ರೀಂ ಗಾಡಿ ತಳ್ಳಿಕೊಂಡು ಬಂದರು. ಉದ್ದನೆಯ ಟೀ ಶರ್ಟ್. ಪ್ರೇಕ್ಷಕರಿಗೆ ಐಸ್ ಕ್ಯಾಂಡಿ ಹಂಚಿದರು. ಏನೇನೋ ಮಾತಾಡಿದರು. ಟೀ ಶರ್ಟ್ ತೆಗೆದರು, ಒಳಗೆ ಇನ್ನೊಂದು ಉಡುಪು ಇತ್ತು. ನಿರೂಪಕ ಕಾರ್ಸನ್ ಡೇಲಿ ಗಾಬರಿಯಾದವರಂತೆ ನಿಂತಿದ್ದರು.

ಮರುದಿನದಿಂದ ‘ಈಕೆಗೆ ತಲೆ ಕೆಟ್ಟಿದೆ’ ಎಂಬ ಸುದ್ದಿ. ಒಂದು ಮಾತು ಕೇಳಬೇಕು. ಅಷ್ಟು ಬಂದೋಬಸ್ತ್ ಇರುವ ಟೈಮ್ಸ್ ಸ್ಕ್ವೇರ್ ಸ್ಟುಡಿಯೊದೊಳಗೆ ಗಾಡಿಯೊಂದು ಯಾರಿಗೂ ಗೊತ್ತಿಲ್ಲದೆ ನುಗ್ಗುತ್ತದಾ? ಪ್ರಚಾರಕ್ಕೆಂದು ಮಾಡಿದ ಆಟ ಅದು. ಆಟ ಸೊರಗಿತು, ಅಷ್ಟೇ. ಆದರೆ ಅದೇ ತಿಂಗಳ ಕೊನೆಗೆ ಕ್ಯಾರಿ ಆಸ್ಪತ್ರೆ ಸೇರಿದಾಗ ಗಾಡಿಯ ಚಿತ್ರವೇ ‘ಸಾಕ್ಷಿ’ಯಾಯಿತು. ವಿಪರೀತ ಬಳಲಿಕೆ ಎಂದು ಅವರ ಕಡೆಯವರು ಹೇಳಿದರು. 2018ರಲ್ಲಿ ಕ್ಯಾರಿ ‘ಪೀಪಲ್’ ಪತ್ರಿಕೆಗೆ ತಾವೇ ಹೇಳಿಕೊಂಡರು: 2001ರಲ್ಲೇ ತನಗೆ ಬೈಪೋಲಾರ್ ಎಂಬ ಮಾನಸಿಕ ಕಾಯಿಲೆ ಇದೆ ಎಂದು ಗೊತ್ತಾಗಿತ್ತು, ನಂಬದೆ ಮುಚ್ಚಿಟ್ಟುಕೊಂಡಿದ್ದೆ ಎಂದು.

ಇವತ್ತಾದರೆ ಇಂಥ ಸುದ್ದಿಗೆ ಅರ್ಧ ಜನವಾದರೂ ‘ಪಾಪ, ಬಿಡ್ರಪ್ಪ’ ಅನ್ನುತ್ತಾರೆ. 2001ರಲ್ಲಿ ಯಾರೂ ಅನ್ನಲಿಲ್ಲ. ತಡರಾತ್ರಿಯ ಟಿ.ವಿ. ಹಾಸ್ಯಗಾರರಿಗೆ ಪುಕ್ಕಟೆ ಸರಕು ಸಿಕ್ಕಿತು. ಆಗಸ್ಟ್ 21ಕ್ಕೆ ಬರಬೇಕಿದ್ದ ಆಲ್ಬಮ್ ಮೂರು ವಾರ ಮುಂದಕ್ಕೆ ಹೋಯಿತು. ಮುಂದಕ್ಕೆ ಹೋಗಿ ಬಿದ್ದದ್ದು ಸೆಪ್ಟೆಂಬರ್ 11ರ ಮೇಲೆ.

9/11 ನೆಪವಾ, ಕಾರಣವಾ?

ಅಭಿಮಾನಿಗಳ ಕಥೆಯನ್ನು ಇಲ್ಲಿ ಪರೀಕ್ಷೆ ಮಾಡಬಹುದು. ಅದೇ ದಿನ ಬಂದ ಬೇರೆಯವರ ಸಿ.ಡಿ.ಗಳು ಏನಾದವು? ಜೇ-ಝೀಯ ‘ದ ಬ್ಲೂಪ್ರಿಂಟ್’ ಮೊದಲ ವಾರವೇ 4,20,000ಕ್ಕೂ ಜಾಸ್ತಿ ಮಾರಾಟವಾಗಿ ಮೊದಲ ಸ್ಥಾನಕ್ಕೆ ಬಂತು. ಡಿಲನ್ 5ನೇ ಸ್ಥಾನ. ಇನ್ನೂ ಕುತೂಹಲದ ವಿಷಯ ಅಂದರೆ ಫ್ಯಾಬುಲಸ್ ಎಂಬ ಹೊಸ ರ್‍ಯಾಪರ್‌ನದ್ದು. ಈತ ‘ಗ್ಲಿಟರ್’ನ ಒಂದು ಹಾಡಿನಲ್ಲಿ ಅತಿಥಿ. ಅವನ ಮೊಟ್ಟಮೊದಲ ಆಲ್ಬಮ್ ಕೂಡ ಅವತ್ತೇ ಬಂದು 4ನೇ ಸ್ಥಾನ ಹಿಡಿಯಿತು. ಅತಿಥಿ ನಾಲ್ಕು, ಮನೆಯ ಯಜಮಾನಿ ಏಳು.

ಹಾಗಾಗಿ ದುರಂತದ ದಿನ ಎಲ್ಲವನ್ನೂ ಮುಳುಗಿಸಿತು ಅನ್ನೋದು ನಿಲ್ಲುವ ಮಾತಲ್ಲ. ಆದರೆ ಪೂರ್ತಿ ತಳ್ಳಿಹಾಕಲೂ ಆಗದು. ಜೇ-ಝೀಯನ್ನು ಕೊಳ್ಳುವವರು ಹೇಗೂ ಕೊಳ್ಳುತ್ತಿದ್ದರು. ‘ಗ್ಲಿಟರ್’ ಗೆಲ್ಲಬೇಕಿದ್ದರೆ ಟಿ.ವಿ.ಯಲ್ಲಿ ಕಾಣಿಸಿಕೊಂಡು, ನಗುತ್ತ, ಕುಣಿಯುತ್ತ, ಜುಲೈ ತಿಂಗಳ ಸುದ್ದಿಯನ್ನು ಅಳಿಸಬೇಕಿತ್ತು. ಆ ಅವಕಾಶವೇ ಹೋಯಿತು. ಮಿಣಮಿಣ ಮಿಂಚಿನ ಹೆಸರಿನ, ಮೋಜಿನ ಕ್ಲಬ್ ಹಾಡುಗಳ ಆಲ್ಬಮ್ಮನ್ನು ಆ ವಾರ ಯಾವ ಮುಖ ಇಟ್ಟುಕೊಂಡು ಮಾರುವುದು? ಸಿನಿಮಾ ತೆರೆಗೆ ಬಂದ ಸೆಪ್ಟೆಂಬರ್ 21ರ ರಾತ್ರಿ ಕ್ಯಾರಿ ಎಲ್ಲ ದೊಡ್ಡ ಚಾನೆಲ್‌ಗಳಲ್ಲೂ ಕಾಣಿಸಿಕೊಂಡರು, ನಿಜ. ಆದರೆ ಹಾಡಿದ್ದು ದುರಂತದಲ್ಲಿ ಸತ್ತವರ ಕುಟುಂಬಗಳಿಗೆ ಹಣ ಕೂಡಿಸುವ ಕಾರ್ಯಕ್ರಮದಲ್ಲಿ, 1993ರ ‘ಹೀರೋ’ ಹಾಡನ್ನು. ‘ಗ್ಲಿಟರ್’ ಬಗ್ಗೆ ಒಂದು ಮಾತೂ ಆಡುವ ಸಂದರ್ಭ ಅದಾಗಿರಲಿಲ್ಲ.

ಸಿನಿಮಾ ಎಂಬ ಭಾರ

ಸಿನಿಮಾವನ್ನು ಬೇಗ ಮುಗಿಸೋಣ. ನಿರ್ದೇಶಕ ವಾಂಡಿ ಕರ್ಟಿಸ್-ಹಾಲ್. ಬಿಲ್ಲಿ ಫ್ರ್ಯಾಂಕ್ ಎಂಬ ಹುಡುಗಿ, ಕ್ಲಬ್‌ನಲ್ಲಿ ಹಾಡುವ ತಾಯಿ ಅವಳನ್ನು ಬಿಟ್ಟುಕೊಡುತ್ತಾಳೆ, ಅನಾಥಾಲಯದಲ್ಲಿ ಬೆಳೆಯುತ್ತಾಳೆ, ಡಿ.ಜೆ. ಒಬ್ಬ ಅವಳ ಕಂಠ ಗುರುತಿಸುತ್ತಾನೆ, ಪ್ರೀತಿ, ಜಗಳ, ಕೊಲೆ, ಕೊನೆಗೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕಣ್ಣೀರಿನ ಹಾಡು. ಸುಮಾರು 2.2 ಕೋಟಿ ಡಾಲರ್ ಖರ್ಚು, ಗಲ್ಲಾಪೆಟ್ಟಿಗೆಗೆ ಬಂದದ್ದು ಬರೀ 50 ಲಕ್ಷದ ಆಸುಪಾಸು. ವರ್ಷದ ಅತಿ ಕೆಟ್ಟ ನಟಿ ಎಂಬ ರ್‍ಯಾಝಿ ‘ಪ್ರಶಸ್ತಿ’ ಕ್ಯಾರಿಗೆ ಸಿಕ್ಕಿತು. ಸಿನಿಮಾ ಚೆನ್ನಾಗಿಲ್ಲ. ನಾನು ಅದರ ಪರ ವಾದ ಮಾಡಲು ಹೋಗುವುದಿಲ್ಲ.

ಆದರೆ ಒಂದು ದೃಶ್ಯ ನಮಗೆ ಬೇರೆಯದೇ ರೀತಿ ಮುಟ್ಟುತ್ತದೆ. ಸಿಲ್ಕ್ ಎಂಬ ಚೆಂದದ ಗಾಯಕಿ, ಆದರೆ ಕಂಠ ಇಲ್ಲ. ಆ ಪಾತ್ರ ಮಾಡಿದ್ದು ನಮ್ಮ ಭಾರತ ಮೂಲದ ಪದ್ಮಾ ಲಕ್ಷ್ಮಿ. ಅವಳ ತುಟಿಗೆ ಬಿಲ್ಲಿಯ ದನಿ ಕೂಡಿಸುತ್ತಾರೆ, ಅದೇ ಕಥೆಯ ದೊಡ್ಡ ಮೋಸ. ಡಾ. ರಾಜ್ ತುಟಿಯಾಡಿಸಿದ್ದಕ್ಕೆ ಪಿ.ಬಿ. ಶ್ರೀನಿವಾಸ್ ಹಾಡಿದ್ದನ್ನು ಕೇಳುತ್ತ ಬೆಳೆದವರಿಗೆ ‘ಇದರಲ್ಲಿ ಮೋಸ ಏನು ಬಂತು?’ ಅನ್ನಿಸುತ್ತದೆ. ಹೆಸರು ಹಾಕದೆ ಇದ್ದದ್ದು ತಪ್ಪು, ಅಷ್ಟೇ ತಾನೇ!

ಹಾಗೆ ನೋಡಿದರೆ ಇಡೀ ಪ್ರಕರಣದಲ್ಲಿ ನಮಗೂ ಅವರಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ನಮ್ಮಲ್ಲಿ ಸಿನಿಮಾ ತೋಪೆದ್ದರೂ ಹಾಡು ಬದುಕುತ್ತದೆ. ಹಾಡು ಮೊದಲೇ ಬಂದಿರುತ್ತದೆ, ರೇಡಿಯೊದಲ್ಲಿ, ಆರ್ಕೆಸ್ಟ್ರಾದಲ್ಲಿ, ಬಸ್ಸಿನಲ್ಲಿ ಅದರ ದಾರಿ ಅದು ನೋಡಿಕೊಂಡಿರುತ್ತದೆ. ಯಾವ ಸಿನಿಮಾದ್ದು ಎಂದು ಗೊತ್ತೇ ಇಲ್ಲದೆ ಗುನುಗುವ ಹಾಡು ನಮ್ಮೆಲ್ಲರ ಬಾಯಲ್ಲೂ ಇವೆ. ಅಮೆರಿಕದಲ್ಲಿ ತಾರೆಯೊಬ್ಬರು ನಟಿಸಿ ಹಾಡಿದ ಸಿನಿಮಾ ಅಂದರೆ ಎಲ್ಲವೂ ಒಂದೇ ಗಂಟು.

ಅಲ್ಲೂ ಗಂಟು ಬಿಚ್ಚಿದ ಉದಾಹರಣೆ ಇಲ್ಲದಿಲ್ಲ. 1986ರಲ್ಲಿ ಗಾಯಕ ಪ್ರಿನ್ಸ್ ನಿರ್ದೇಶಿಸಿ ನಟಿಸಿದ ‘ಅಂಡರ್ ದ ಚೆರ್ರಿ ಮೂನ್’ಗೆ ಅತಿ ಕೆಟ್ಟ ಸಿನಿಮಾ ಎಂಬ ರ್‍ಯಾಝಿ ಬಂತು. ಅದರ ಹಾಡುಗಳ ಆಲ್ಬಮ್ ‘ಪರೇಡ್’ ಮಾತ್ರ ಇವತ್ತಿಗೂ ಅವನ ಒಳ್ಳೆಯ ಕೆಲಸಗಳ ಸಾಲಿನಲ್ಲಿದೆ. ಕಾರಣ ಸರಳ. ಆಲ್ಬಮ್ ಮಾರ್ಚ್‌ನಲ್ಲಿ ಬಂತು, ಅದರ ‘ಕಿಸ್’ ಹಾಡು ಏಪ್ರಿಲ್‌ನಲ್ಲಿ ನಂಬರ್ ಒನ್ ಆಯಿತು, ಸಿನಿಮಾ ಬಂದದ್ದು ಜುಲೈನಲ್ಲಿ. ಜನ ಹಾಡು ಕೇಳಿ ಮುಗಿಸಿದ ಮೇಲೆ ಸಿನಿಮಾ ಸೋತಿತು. ‘ಗ್ಲಿಟರ್’ ಆಲ್ಬಮ್ಮಿಗೆ ಸಿಕ್ಕ ಕಾಲ ಹತ್ತು ದಿನ, ಅದೂ ಎಂಥ ಹತ್ತು ದಿನ!

ಲೆಕ್ಕದ ಪುಸ್ತಕ

ದುಡ್ಡಿನ ವಿಷಯದಲ್ಲೂ ಇದೇ ಕಥೆ. 2002ರ ಜನವರಿಯಲ್ಲಿ ಇ.ಎಂ.ಐ. 2.8 ಕೋಟಿ ಡಾಲರ್ ಕೊಟ್ಟು ಒಪ್ಪಂದ ಮುರಿಯಿತು. ಸಹಿ ಹಾಕುವಾಗ ಕೊಟ್ಟಿದ್ದ 2.1 ಕೋಟಿ ಸೇರಿಸಿದರೆ 4.9 ಕೋಟಿ. ಒಂದು ಆಲ್ಬಮ್ಮಿಗೆ! ‘ಹಾಡದೇ ಇರಲು ದುಡ್ಡು’ ಎಂದು ಪತ್ರಿಕೆಗಳು ನಕ್ಕವು.

ಆದರೆ ಆ ಹೊತ್ತಿಗೆ ಇ.ಎಂ.ಐ. ಮನೆಯೇ ಹತ್ತಿ ಉರಿಯುತ್ತಿತ್ತು. ಕ್ಯಾರಿಯನ್ನು ಕರೆತಂದ ಕೆನ್ ಬೆರಿಯನ್ನು 2001ರ ಅಕ್ಟೋಬರ್‌ನಲ್ಲೇ ಕಳಿಸಿಯಾಗಿತ್ತು. ಹೊಸದಾಗಿ ಬಂದ ಅಲೆನ್ ಲೆವಿ 2002ರ ಮಾರ್ಚ್‌ನಲ್ಲಿ 1,800 ಕೆಲಸಗಳಿಗೆ ಕತ್ತರಿ ಹಾಕಿದರು, ಸುಮಾರು 400 ಕಲಾವಿದರನ್ನು ಕೈಬಿಟ್ಟರು. ಹೊಸ ಯಜಮಾನ ಬಂದಾಗ ಹಳೆಯ ಯಜಮಾನನ ದುಬಾರಿ ಸಹಿಯನ್ನು ಮೊದಲು ಅಳಿಸುತ್ತಾನೆ. ಯಾವ ಆಫೀಸಿನಲ್ಲಾದರೂ ಇದೇ ತಾನೇ? ‘ಗ್ಲಿಟರ್’ ಇನ್ನೊಂದು ಐದು ಲಕ್ಷ ಪ್ರತಿ ಮಾರಾಟವಾಗಿದ್ದರೆ ಕ್ಯಾರಿ ಉಳಿಯುತ್ತಿದ್ದರಾ? ನನಗೆ ಅನುಮಾನ.

ಈಗ ಹಾಡು ಕೇಳೋಣ

ಒಟ್ಟು 12 ಹಾಡು. ಇಲ್ಲಿ ನಿಧಾನವಾಗಿ ಕೂರಬೇಕು, ಯಾಕೆಂದರೆ ಇಲ್ಲಿಯ ತನಕ ಹೇಳಿದ ಯಾವುದರಲ್ಲೂ ಹಾಡು ಇರಲಿಲ್ಲ.

ಮೊದಲು ಒಳ್ಳೆಯದು. ‘ಆಲ್ ಮೈ ಲೈಫ್’ ಹಾಕಿ. ಬರೆದದ್ದು ರಿಕ್ ಜೇಮ್ಸ್. 1980ರ ಆಚೀಚೆ ಫಂಕ್ ಸಂಗೀತದ ರಾಜ ಅನ್ನಿಸಿಕೊಂಡಿದ್ದವನು. ಡ್ರಮ್‌ನ ಏಟು ಸ್ವಲ್ಪ ಹಿಂದಕ್ಕೆ ಒರಗಿಕೊಂಡ ಹಾಗೆ ಬೀಳುತ್ತದೆ, ಅವಸರವೇ ಇಲ್ಲ. ಬೇಸ್ ಕೆಳಗಿಂದ ದಪ್ಪಗೆ ನಡೆಯುತ್ತದೆ. ಅದರ ಮೇಲೆ ಕ್ಯಾರಿ ಗಂಟಲು ಬಿಚ್ಚುವುದೇ ಇಲ್ಲ, ಉಸಿರಿನಲ್ಲೇ ಹಾಡುತ್ತಾರೆ. ಪಲ್ಲವಿ ಬಂದಾಗ ಹಿಂದೆ ಒಂದು ಗುಂಪು ಸೇರುತ್ತದೆ. ಗಮನಿಸಿ ಕೇಳಿದರೆ ಆ ಗುಂಪಿನಲ್ಲೂ ಅವರದ್ದೇ ದನಿಗಳು, ಒಂದರ ಮೇಲೊಂದು ಹಾಸಿದ್ದು. ‘ಕಿರುಚುವ ಗಾಯಕಿ’ ಎಂದು ಬೈಸಿಕೊಂಡವರು ಇಲ್ಲಿ ಎಷ್ಟು ಸಂಯಮದಿಂದ ಹಾಡಿದ್ದಾರೆ ಎಂದು ಆ ವರ್ಷ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಸಿನಿಮಾದಲ್ಲಿ ಸಿಲ್ಕ್ ತುಟಿಯಾಡಿಸುವುದು ಇದಕ್ಕೇ.

‘ಡಿಡಂಟ್ ಮೀನ್ ಟು ಟರ್ನ್ ಯೂ ಆನ್’ 1984ರಲ್ಲಿ ಶೆರೆಲ್ ಹಾಡಿದ್ದ ಹಳೆಯ ಹಾಡು. ಆಗ ಅದನ್ನು ಬರೆದು ಮಾಡಿದವರು ಮಿನಿಯಾಪೊಲಿಸ್‌ನ ಜಿಮ್ಮಿ ಜ್ಯಾಮ್ ಮತ್ತು ಟೆರಿ ಲೂಯಿಸ್. ‘ಗ್ಲಿಟರ್’ಗೆ ಮಾಡಿಕೊಟ್ಟವರೂ ಅವರೇ. ಇಲ್ಲೇ ಆಲ್ಬಮ್‌ನ ಗಟ್ಟಿತನ ಇರೋದು. ಹಳೆಯ ಕಾಲದ ಸದ್ದು ಬೇಕು ಎಂದಾಗ ಕ್ಯಾರಿ ನಕಲು ಮಾಡುವವರನ್ನು ಹುಡುಕಲಿಲ್ಲ. ಆ ಸದ್ದನ್ನು ಹುಟ್ಟಿಸಿದವರನ್ನೇ ಕರೆದರು. ಜ್ಯಾಮ್ ಮತ್ತು ಲೂಯಿಸ್, ರಿಕ್ ಜೇಮ್ಸ್, ಕ್ಯಾಮಿಯೊ. ಎರಿಕ್ ಬೆನೆ ಜೊತೆ ಹಾಡಿದ ‘ವಾಂಟ್ ಯೂ’ ಕೂಡ ಇದೇ ಸಾಲಿನದು, ನಿಧಾನ, ನುಣುಪು.

ಈಗ ದೋಷ. ‘ಲಾಸ್ಟ್ ನೈಟ್ ಎ ಡಿ.ಜೆ. ಸೇವ್ಡ್ ಮೈ ಲೈಫ್’ 1982ರಲ್ಲಿ ಇನ್‌ಡೀಪ್ ತಂಡದ್ದು. ಮೂಲ ಹಾಡು ಒಂದು ಬೇಸ್, ಒಬ್ಬ ಹುಡುಗಿ, ಒಂದು ಬೇಸರದ ರಾತ್ರಿ, ಇಷ್ಟರಲ್ಲೇ ನಿಂತಿತ್ತು. ‘ಗ್ಲಿಟರ್’ನಲ್ಲಿ ಅದಕ್ಕೆ ಬಸ್ಟಾ ರೈಮ್ಸ್, ಫ್ಯಾಬುಲಸ್, ಡಿ.ಜೆ. ಕ್ಲೂ ಮೂವರನ್ನು ತುಂಬಿದ್ದಾರೆ. ಕೂಗಾಟವೋ ಕೂಗಾಟ. ಕ್ಯಾರಿ ತನ್ನದೇ ಹಾಡಿನಲ್ಲಿ ಪಲ್ಲವಿಗೆ ಬಂದುಹೋಗುವ ನೆಂಟರಾಗಿದ್ದಾರೆ. ‘ಇಫ್ ವಿ’ಯಲ್ಲಿ ಜಾ ರೂಲ್, ನೇಟ್ ಡಾಗ್. ‘ಡೋಂಟ್ ಸ್ಟಾಪ್’ನಲ್ಲಿ ಮಿಸ್ಟಿಕಲ್. ಅದರ ಮೂಲ ಟಾಮ್ ಬ್ರೌನ್ 1980ರಲ್ಲಿ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿರುವ ಜಮೈಕಾ ಬಡಾವಣೆಯ ಮೇಲೆ ಮಾಡಿದ ಹಾಡು. ಅದರ ಮೇಲೆ ನ್ಯೂ ಆರ್ಲಿಯನ್ಸ್‌ನ ಮಿಸ್ಟಿಕಲ್ 2001ರ ಗಂಟಲಿನಲ್ಲಿ ಗುಡುಗುತ್ತಾನೆ. ಮೋಜಾಗಿದೆ, ಒಪ್ಪುತ್ತೇನೆ. ಆದರೆ ಯಾವ ಊರು, ಯಾವ ಕಾಲ?

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಮೊದಲ ಹಾಡಿನಲ್ಲೇ ಇದೆ. ಆಲ್ಬಮ್ ಶುರುವಾಗುವುದು ‘ಲವರ್‌ಬಾಯ್’ನ ರೀಮಿಕ್ಸ್‌ನಿಂದ, ಡಾ ಬ್ರ್ಯಾಟ್, ಲೂಡಕ್ರಿಸ್ ಮುಂತಾದವರ ರ್‍ಯಾಪ್‌ಗಳೊಂದಿಗೆ. ಅಸಲಿ ‘ಲವರ್‌ಬಾಯ್’ ಇರುವುದು 12ನೆಯದಾಗಿ, ಕಟ್ಟಕಡೆಗೆ. ಅಂದರೆ ಬಾಗಿಲಲ್ಲೇ ನಿಂತು ‘ಒಳಗೆ ಹಳೇ ಕಾಲ ಇದೆ, ಹೆದರಬೇಡಿ, ಹೊಸಬರೂ ಇದ್ದಾರೆ’ ಎಂದು ಕೂಗಿದ ಹಾಗೆ. ಸಿನಿಮಾದ ಕಾಲಕ್ಕೆ ಸೇರಿದ ಹಾಡು ಬೇಕು, 2001ರ ರೇಡಿಯೊವೂ ಬೇಕು. ಎರಡು ದೋಣಿಯಲ್ಲಿ ಕಾಲು. ಆಲ್ಬಮ್‌ಗೆ ತನ್ನ ಹಳೆಯ ಕಾಲದ ಮೇಲೆಯೇ ಪೂರ್ತಿ ನಂಬಿಕೆ ಇರಲಿಲ್ಲ.

ಇದು ಕ್ಯಾರಿಯ ಅನುಮಾನವೋ ಕಂಪನಿಯ ಒತ್ತಡವೋ ಹೊರಗಿನವರು ಹೇಳುವುದು ಕಷ್ಟ. ಆದರೆ 8 ಕೋಟಿ ಡಾಲರ್‌ನ ಒಪ್ಪಂದ ತಲೆಯ ಮೇಲೆ ಕೂತಿರುವಾಗ ಯಾರಾದರೂ ಹೀಗೇ ಎಲ್ಲ ಕಡೆಗೂ ಒಂದೊಂದು ಕಾಲು ಚಾಚುತ್ತಾರೆ.

ಇನ್ನು ನಿಧಾನ ಹಾಡುಗಳು. ವಾಲ್ಟರ್ ಅಫನಾಸಿಫ್ ಜೊತೆ ಬರೆದ ‘ಲೀಡ್ ದ ವೇ’ 90ರ ದಶಕದ ಕ್ಯಾರಿಯನ್ನು ನೆನಪಿಸುತ್ತದೆ. ಕೊನೆಯ ಹೊತ್ತಿಗೆ ಒಂದು ಸ್ವರವನ್ನು ಹಿಡಿದು ಎಳೆಯುತ್ತಾರೆ, ಕೇಳುವವರಿಗೆ ಉಸಿರು ಕಟ್ಟಬೇಕು. ಕಂಠ ಹೋಯಿತು ಎಂದು ಆಗ ಬರೆದವರು ಈ ಹಾಡನ್ನು ಎರಡು ಸಲ ಕೇಳಲಿಲ್ಲ ಅನ್ನಿಸುತ್ತದೆ. ‘ರಿಫ್ಲೆಕ್ಷನ್ಸ್’ ಬಿಟ್ಟುಹೋದ ತಾಯಿಗೆ ಮಗಳು ಕೇಳುವ ಪ್ರಶ್ನೆ. ಸಿನಿಮಾ ನೋಡದಿದ್ದರೂ ಅರ್ಥವಾಗುತ್ತದೆ, ನೋಡದಿದ್ದರೇ ಒಳ್ಳೆಯದು ಎಂದೂ ಹೇಳಬಹುದು. ‘ನೆವರ್ ಟೂ ಫಾರ್’ ಸಿನಿಮಾದ ಕೊನೆಯ ಹಾಡು. ಸ್ವಲ್ಪ ಸಪ್ಪೆ. 2001ರ ಡಿಸೆಂಬರ್‌ನಲ್ಲಿ ಇದನ್ನು ‘ಹೀರೋ’ ಜೊತೆ ಹೆಣೆದು ಸಹಾಯಾರ್ಥ ಸಿಂಗಲ್ ಮಾಡಿದರು. ‘ಹೀರೋ’ ಪಕ್ಕದಲ್ಲಿ ಇದು ಎಷ್ಟು ತೆಳು ಎಂಬುದು ಆಗ ಇನ್ನೂ ಚೆನ್ನಾಗಿ ಕಂಡಿತು.

‘ಟ್ವಿಸ್ಟರ್’ ಮಾತ್ರ ಬೇರೆ ಜಾತಿಯದು. ತೀರಿಕೊಂಡ ಗೆಳತಿಯೊಬ್ಬಳ ನೆನಪಿಗೆ ಬರೆದದ್ದು. ಎರಡೂವರೆ ನಿಮಿಷದಷ್ಟೇ. ಹೊರಗೆ ನಗುತ್ತ ಒಳಗೆ ಬೇಯುತ್ತಿದ್ದವಳ ಬಗ್ಗೆ, ಯಾವ ಆಡಂಬರವೂ ಇಲ್ಲದೆ, ಪಕ್ಕದಲ್ಲಿ ಕೂತು ಹೇಳಿದ ಹಾಗೆ. ಸಿನಿಮಾಕ್ಕೂ ಇದಕ್ಕೂ ಸಂಬಂಧ ಇಲ್ಲ, ರೇಡಿಯೊಗೂ ಇಲ್ಲ. ಬಹುಶಃ ಅದಕ್ಕೇ ಇಷ್ಟು ನೇರವಾಗಿದೆ. 2001ರ ಜುಲೈನಲ್ಲಿ ಹಾಡಿದವರಿಗೇ ಏನಾಯಿತು ಎಂದು ಗೊತ್ತಿದ್ದು ಕೇಳುವಾಗ ಹೊಟ್ಟೆ ಹಿಂಡುತ್ತದೆ.

ಹದಿನೇಳು ವರ್ಷ ಆದಮೇಲೆ

ಕ್ಯಾರಿ ಮೇಲೆದ್ದದ್ದು 2005ರಲ್ಲಿ. ‘ವಿ ಬಿಲಾಂಗ್ ಟುಗೆದರ್’ 14 ವಾರ ನಂಬರ್ ಒನ್. ಜನ ‘ಮರಳಿ ಬಂದಳು’ ಎಂದರು. ಎಲ್ಲಿಂದ ಮರಳಿ? ‘ಗ್ಲಿಟರ್’ನಿಂದ. ಗೆದ್ದ ಕಥೆಗೆ ಸೋತ ಅಧ್ಯಾಯ ಬೇಕಲ್ಲ, ಹಾಗಾಗಿ ಹಣೆಪಟ್ಟಿ ಇನ್ನೂ ಗಟ್ಟಿಯಾಗಿ ಅಂಟಿತು.

2018ರ ನವೆಂಬರ್‌ನಲ್ಲಿ, ‘ಕಾಷನ್’ ಎಂಬ ಹೊಸ ಆಲ್ಬಮ್ ಬರುವ ಹೊತ್ತಿಗೆ, ಅಭಿಮಾನಿಗಳು ‘ಜಸ್ಟಿಸ್ ಫಾರ್ ಗ್ಲಿಟರ್’ ಎಂಬ ಹ್ಯಾಶ್‌ಟ್ಯಾಗ್ ಹಿಡಿದು ಹಳೆಯ ಆಲ್ಬಮ್ಮನ್ನು ಕೊಳ್ಳತೊಡಗಿದರು. ನವೆಂಬರ್ 15ಕ್ಕೆ ಅದು ಅಮೆರಿಕದ ಐಟ್ಯೂನ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಕ್ಯಾರಿ ಖುಷಿಯಿಂದ ಧನ್ಯವಾದ ಹೇಳಿದರು. ಸುದ್ದಿಗಳಲ್ಲಿ ‘ಗ್ಲಿಟರ್‌ಗೆ ನ್ಯಾಯ’ ಎಂಬ ಸಂಭ್ರಮ.

ಇದನ್ನೂ ಸ್ವಲ್ಪ ತಣ್ಣಗೆ ನೋಡಬೇಕು. 2018ರಲ್ಲಿ ಹೆಚ್ಚಿನ ಜನ ಹಾಡು ಕೊಳ್ಳುವುದನ್ನೇ ಬಿಟ್ಟು ಸ್ಟ್ರೀಮಿಂಗ್‌ಗೆ ಹೋಗಿಯಾಗಿತ್ತು. ಐಟ್ಯೂನ್ಸ್‌ನಲ್ಲಿ ಮೊದಲ ಸ್ಥಾನಕ್ಕೆ ಬರಲು ಗಟ್ಟಿ ಮನಸ್ಸಿನ ಅಭಿಮಾನಿ ಬಳಗ ಒಂದು ದಿನ ಒಟ್ಟಿಗೆ ಗುಂಡಿ ಒತ್ತಿದರೆ ಸಾಕು. ಅದು ಪ್ರೀತಿಯ ಲೆಕ್ಕ, ಹಾಡಿನ ತೂಕದ ಲೆಕ್ಕ ಅಲ್ಲ. ಅಭಿಮಾನಿಗಳ ಮಾತಿನಲ್ಲೂ ಹಾಡು ಕಮ್ಮಿ, ಅನ್ಯಾಯ ಜಾಸ್ತಿ ಇತ್ತು: ಸೋನಿ, ತುಣುಕು, ಪತ್ರಿಕೆಗಳು, 9/11. 2001ರಲ್ಲಿ ಹಾಡು ಕೇಳದೆ ಬೈದರು, 2018ರಲ್ಲಿ ಹಾಡಿನ ಬಗ್ಗೆ ಹೆಚ್ಚು ಹೇಳದೆ ಹೊಗಳಿದರು.

ಆದರೂ ಆ ಗಲಾಟೆಯಿಂದ ಒಂದು ಉಪಕಾರವಾಯಿತು, ಜನ ಮತ್ತೆ ಕಿವಿಗೆ ಹಚ್ಚಿಕೊಂಡರು. ಕಿವಿಯೂ ಅಷ್ಟರಲ್ಲಿ ಬದಲಾಗಿತ್ತು. 2001ರಲ್ಲಿ 80ರ ದಶಕದ ಸಿಂಥ್ ಫಂಕ್ ಅಂದರೆ ಹಳಸಲು. 2018ರ ಜನವರಿಯಲ್ಲಿ ಅದೇ ಬಗೆಯ ಸದ್ದಿನ ಬ್ರೂನೋ ಮಾರ್ಸ್ ಆಲ್ಬಮ್ ‘24ಕೆ ಮ್ಯಾಜಿಕ್’ಗೆ ವರ್ಷದ ಅತ್ಯುತ್ತಮ ಆಲ್ಬಮ್ ಎಂಬ ಗ್ರ್ಯಾಮಿ ಸಿಕ್ಕಿತ್ತು. ಆ ಕಿವಿಗೆ ‘ಆಲ್ ಮೈ ಲೈಫ್’ ಹಳತಾಗಿ ಕೇಳಿಸುವುದೇ ಇಲ್ಲ. ವಿಚಿತ್ರ ಅಂದರೆ ಇವತ್ತು ಹಳತಾಗಿ ಕೇಳಿಸುವುದು 2001ರ ರೇಡಿಯೊಗೆಂದು ತುರುಕಿದ ರ್‍ಯಾಪ್‌ಗಳೇ.

ಬಹುಕಾಲ ‘ಗ್ಲಿಟರ್’ ಅಮೆರಿಕದ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಇರಲಿಲ್ಲ. 2020ರಲ್ಲಿ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ದ ರ್‍ಯಾರಿಟೀಸ್’ ಎಂಬ ಸಂಗ್ರಹದಲ್ಲಿ ಕ್ಯಾರಿ ‘ಫೈರ್‌ಕ್ರ್ಯಾಕರ್’ ಮೇಲಿನ ಅಸಲಿ ‘ಲವರ್‌ಬಾಯ್’ ಬಿಡುಗಡೆ ಮಾಡಿದರು. ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ. ‘ಕ್ಯಾಂಡಿ’ ಮೇಲಿನದು ದಪ್ಪ, ಒರಟು, ಪಾರ್ಟಿಗೆ ಸರಿ. ‘ಫೈರ್‌ಕ್ರ್ಯಾಕರ್’ ಮೇಲಿನದು ಹಗುರ, ತುಂಟ, ಒಂದು ಕಾಲದ ಗಾಳಿ ಅದರಲ್ಲಿ ಆಡುತ್ತದೆ. ಹೋಲಿಕೆಗೆ ಕೂತರೆ ನನ್ನ ಓಟು ಎರಡನೆಯದಕ್ಕೆ, ಹೆಚ್ಚು ಯೋಚನೆ ಇಲ್ಲದೆ. ಇದು ಮೊದಲ ಸಿಂಗಲ್ ಆಗಿದ್ದರೆ ನಂಬರ್ ಒನ್ ಆಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಆಲ್ಬಮ್‌ನ ಬಾಗಿಲಲ್ಲಿ ಇದಿದ್ದಿದ್ದರೆ ಒಳಗೆ ಬರುವವರಿಗೆ ಎಲ್ಲಿಗೆ ಬಂದೆವು ಎಂದಾದರೂ ಗೊತ್ತಾಗುತ್ತಿತ್ತು.

ಹೊಸದಾಗಿ ಕೇಳುವವರಿಗೆ ನನ್ನ ಪಟ್ಟಿ ಹೀಗೆ. ‘ಫೈರ್‌ಕ್ರ್ಯಾಕರ್’ ಆವೃತ್ತಿಯ ‘ಲವರ್‌ಬಾಯ್’ನಿಂದ ಶುರು ಮಾಡಿ. ಆಮೇಲೆ ‘ಡಿಡಂಟ್ ಮೀನ್ ಟು ಟರ್ನ್ ಯೂ ಆನ್’, ‘ಆಲ್ ಮೈ ಲೈಫ್’, ‘ವಾಂಟ್ ಯೂ’, ‘ರಿಫ್ಲೆಕ್ಷನ್ಸ್’, ‘ಟ್ವಿಸ್ಟರ್’, ‘ಲೀಡ್ ದ ವೇ’. ಏಳು ಹಾಡು, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಡಿ.ಜೆ. ಹಾಡನ್ನು ಬಿಡಿ, ಅದರ ಬದಲು ಇನ್‌ಡೀಪ್‌ನ ಮೂಲವನ್ನೇ ಹುಡುಕಿ ಕೇಳಿ. ಮಿಸ್ಟಿಕಲ್ ಹಾಡು ಬೇಕೋ ಬೇಡವೋ ಎಂಬುದು ನಿಮ್ಮ ನೆರೆಮನೆಯವರ ತಾಳ್ಮೆಗೆ ಬಿಟ್ಟದ್ದು.